ತವರಿನಲ್ಲಿ ರೊಟ್ಟಿ ಕೊಂಡದ್ದು

ಮುನವಳ್ಳಿಯಲ್ಲಿರುವ ನಮ್ಮವ್ವ ಮಹಿಳಾ ಸಂಘದಿಂದ ಸಾಲ ತೆಗೆದು ಖಡಕ್ ರೊಟ್ಟಿ ಮಾರುತ್ತಿದ್ದಾಳೆಂದು ಕೇಳಿದಾಗ ನಾನು ಸವದತ್ತಿಯಲ್ಲಿ ಗಂಡನ ಮುಂದೆ ಬಿದ್ದು ಬಿದ್ದು ನಕ್ಕೆ. ರೊಟ್ಟಿ ಬಡಿಯುವುದರಲ್ಲಿ ಅವ್ವನನ್ನು ಮೀರಿಸುವವರಿಲ್ಲ, ಆ ಮಾತು ಬೇರೆ. ಆದರೆ ಮನೆ ಬಾಗಿಲಿಗೆ ಬಂದವರಿಂದ ಅನ್ನದ ದುಡ್ಡು ತೆಗೆದುಕೊಳ್ಳುವುದೆಂದರೆ ಅವಳಿಗೆ ಜೀವ ಹೋದ ಹಾಗೆ.

ಪಂಚಮಿಗೆ ತವರಿಗೆ ಹೋದಾಗ ಕಣ್ಣಾರೆ ನೋಡಿದೆ. ಹತ್ತು ರೊಟ್ಟಿ ಕೊಳ್ಳಲು ಬಂದವರನ್ನು ಅವ್ವ ಕಟ್ಟೆಯ ಮೇಲೆ ಕೂಡಿಸಿ, ಗುರೆಳ್ಳು ಚಟ್ನಿ, ಕೆನೆಮೊಸರು ಹಾಕಿ ಉಣಿಸಿ, ಮೇಲೆ ಹತ್ತು ರೊಟ್ಟಿ ಕಟ್ಟಿಕೊಟ್ಟು, "ರೊಕ್ಕ ಎಲ್ಲಿ ಓಡಿ ಹೋಗತೈತಿ, ಇರ್ಲಿ ಬಿಡ್ರಿ" ಎನ್ನುತ್ತಿದ್ದಳು. ಬಂದವರೂ ಧಾರಾಳಿಗಳು, ಬಿಟ್ಟೇ ಬಿಡುತ್ತಿದ್ದರು.

ಇದರಿಂದ ಕಂಗಾಲಾದವಳು ಪಕ್ಕದ ಮನೆಯಲ್ಲಿ ಕುಪ್ಪಸ ಹೊಲಿಯುವ ಹೆಂಗಸು. ಅವಳೂ ಅದೇ ಸಂಘದವಳು. ಒಬ್ಬರ ಕಂತು ತಪ್ಪಿದರೆ ಉಳಿದವರಿಗೆ ಸಾಲವಿಲ್ಲ ಎಂಬುದು ಅಲ್ಲಿಯ ನಿಯಮ. ಹೊಸ ಹೊಲಿಗೆ ಯಂತ್ರಕ್ಕೆ ಸಾಲ ಬರುವ ಸರದಿ ಅವಳದು, ಅವ್ವನ ಕಂತೋ ಬಾಕಿ ಬಿದ್ದಿತ್ತು. ಹಳೆಯದು ನಾಲ್ಕು ಹೊಲಿಗೆಗೊಮ್ಮೆ ದಾರ ಕಡಿಯುತ್ತಿತ್ತು, ಗಿರಾಕಿಗಳು ಬೇರೆ ಕಡೆ ಹೋಗುತ್ತಿದ್ದರು.

"ಯಕ್ಕಾ, ನೀವು ವ್ಯಾಪಾರ ಮಾಡಾಕ ಹತ್ತೀರೋ, ದಾಸೋಹ ನಡಸಾಕ ಹತ್ತೀರೋ?" ಎಂದು ಅವಳು ನನ್ನೆದುರೇ ಅವ್ವನನ್ನು ಕೇಳಿದಳು. ನಗುತ್ತಲೇ ಕೇಳಿದಳು, ಆದರೆ ಕಣ್ಣಲ್ಲಿ ನೀರಿತ್ತು. ಅವ್ವ ಒಳಗೆ ಹೋಗಿ ಮತ್ತೆ ಹಿಟ್ಟು ನಾದಲು ಕೂತಳು.

ಮರುದಿನ ಮುಂಜಾನೆ ನಾನು ಸವದತ್ತಿಗೆ ಹೊರಟು ನಿಂತೆ. ಕಟ್ಟೆಯ ಮೇಲೆ ನಾಲ್ವರು ಗಿರಾಕಿಗಳು ಚಟ್ನಿಯ ದಾರಿ ಕಾಯುತ್ತಿದ್ದರು. ಅವ್ವ ನನ್ನ ಚೀಲದಲ್ಲಿ ರೊಟ್ಟಿಗಂಟು ಇಟ್ಟು, ಓಣಿಗೆಲ್ಲ ಕೇಳುವ ಹಾಗೆ, "ಇಪ್ಪತ್ತು ರೊಟ್ಟಿ ಅದಾವ. ರೊಕ್ಕ ಕೊಡು" ಎಂದಳು.

"ಯವ್ವಾ, ನಾ ನಿನ್ನ ಮಗಳು!"

"ಹೌದು ಖರೆ. ಅದಕ್ಕ ನಿನ್ನ ಕಡಿಂದನ ಸುರು ಮಾಡಾಕ ಹತ್ತೇನಿ."

ಪಂಚಮಿಗೆ ಬಂದು ತವರಿನ ರೊಟ್ಟಿಗೆ ದುಡ್ಡು ತೆತ್ತ ಮಗಳು ನಾನೊಬ್ಬಳೇ ಇರಬೇಕು. ಮುಖ ಊದಿಸಿಕೊಂಡೇ ಕೊಟ್ಟೆ. ಅವ್ವ ನನ್ನ ಮುಖ ನೋಡದೆ ಎಣಿಸಿ ಸೆರಗಿಗೆ ಕಟ್ಟಿಕೊಂಡಳು. ಮಗಳನ್ನೇ ಬಿಡದವಳು ನಮ್ಮನ್ನು ಬಿಟ್ಟಾಳೆಯೇ ಎಂದು ಕಟ್ಟೆಯ ಮೇಲಿನವರೂ ಒಬ್ಬೊಬ್ಬರಾಗಿ ಜೇಬಿಗೆ ಕೈ ಹಾಕಿದರು.

ಅವರನ್ನೆಲ್ಲ ಕಳಿಸಿ ಅವ್ವ ನನ್ನ ಜೊತೆ ಬಸ್ ನಿಲ್ದಾಣಕ್ಕೆ ಬಂದಳು. ಯಾರೂ ಇಲ್ಲದಾಗ ದುಡ್ಡು ತಿರುಗಿ ಕೊಡುತ್ತಾಳೆಂದು ದಾರಿಯುದ್ದಕ್ಕೂ ಕಾದೆ. ಕೊಡಲಿಲ್ಲ. ಬಸ್ಸು ಬಂತು, ಹತ್ತಿ ಕೂತೆ. ಅವ್ವ ಕಿಟಕಿಯ ಹತ್ತಿರ ಬಂದಳು.

"ಆಕಿ ಮಷೀನ್ ಬರೂತನಕ ಹದಿನೈದು ದಿನಕ್ಕೊಮ್ಮಿ ಬಂದು ಹೋಗು," ಎಂದಳು. "ಬರೂವಾಗ ಚಿಲ್ಲರ ತಗೊಂಡ್ ಬಾ."