ಜನರೇಟರ್ ಮನೆಯ ಯಜಮಾನ

ಕರೆಂಟ್ ಹೋಯಿತೆಂದರೆ ಜನರೇಟರ್ ಮನೆಯ ಯಜಮಾನನಿಗೆ ಎಲ್ಲಿಲ್ಲದ ಹುರುಪು. ಬೀದಿಯವರೆಲ್ಲ ಬೀಸಣಿಗೆ ಹುಡುಕುವಾಗ ಈತ ತೋಳು ಮಡಚಿ ಹಗ್ಗ ಜಗ್ಗುತ್ತಾನೆ. ಯಂತ್ರ ಗುಡುಗಿದರೆ ಯುದ್ಧ ಗೆದ್ದವನ ಗತ್ತು. ಆಮೇಲೆ ಬೇಕೆಂದೇ ಗೇಟಿಗೆ ಬಂದು, "ಓ, ನಿಮ್ಮಲ್ಲಿ ಕರೆಂಟ್ ಇಲ್ವಾ? ನಮಗೆ ಗೊತ್ತೇ ಆಗಲ್ಲ ನೋಡಿ" ಎನ್ನುತ್ತಾನೆ. ಹೊಗೆ ಕೊಳವೆಯ ಮೂತಿ ಮಾತ್ರ ಪಕ್ಕದ ಮನೆಯ ಕಿಟಕಿಯತ್ತ. ಯಾರಾದರೂ ಒಂದು ವೈರ್ ಕೇಳಿದರೆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ: "ಲೋಡ್ ತಡೆಯಲ್ಲ." ಮೊನ್ನೆ ಮಧ್ಯಾಹ್ನ ಪಕ್ಕದ ಮನೆಯಾಕೆ ಓಡಿಬಂದು, "ಅಣ್ಣಾ, ಅಪ್ಪನ ಉಸಿರಿನ ಮಿಷನ್ನು ನಿಂತೋಯ್ತು, ಒಂದು ವೈರ್ ಎಳ್ಕೊಳ್ಲಾ?" ಎಂದಾಗಲೂ ಬಾಯಿ ಅದನ್ನೇ ಅಂದುಬಿಟ್ಟಿತು. ಆಕೆ ಅಪ್ಪನನ್ನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದಳು. ಬಾಗಿಲು ಹಾಕಿಕೊಂಡು ಒಳಬಂದವನ ಕಣ್ಣಿಗೆ ಬಿದ್ದದ್ದು ನಡುಮನೆಯ ಗಾಜಿನ ತೊಟ್ಟಿ. ಅವನ ಜನರೇಟರು ಅಲ್ಲಿ ಮೀನುಗಳಿಗೆ ಗುಳುಗುಳು ಗಾಳಿ ಊದುತ್ತಿತ್ತು. ಪುಣ್ಯಕ್ಕೆ ಮುದುಕ ಬದುಕಿ ಮನೆಗೆ ಬಂದ. ಈಗ ಕರೆಂಟ್ ಹೋದರೆ ಈತ ಗೇಟಿನತ್ತ ಸುಳಿಯುವುದಿಲ್ಲ. ತಲೆ ತಗ್ಗಿಸಿ, ಗೋಡೆಯ ಮೇಲಿಂದ ವೈರ್ ಇಳಿಬಿಟ್ಟು, "ತಗೋ ತಂಗೀ" ಎನ್ನುತ್ತಾನೆ. ಹೊಗೆ ಬಾರದಿರಲೆಂದು ಮುಚ್ಚಿದ ಕಿಟಕಿಯ ಆಚೆಯಿಂದ ಕೊಂಕಿಲ್ಲದ ದನಿಯೊಂದು ಬರುತ್ತದೆ: "ಬೇಡ ಅಣ್ಣಾ, ಬ್ಯಾಟರಿ ತಂದಿದೀವಿ. ಪಾಪ, ನಿಮ್ಗೆ ಲೋಡ್ ತಡೆಯಲ್ಲ."