ತಾಳಿ ಕಟ್ಟುವ ಅಳತೆ

ಸುವರ್ಣಾ, ನಮ್ಮ ಮದುವೆಯ ದಿನ ನನ್ನ ಕೋಟು ಬೆನ್ನ ಮೇಲೆ ಹರಿದದ್ದು ನಿನ್ನ ಅಪ್ಪನ ತಪ್ಪಿನಿಂದಲ್ಲ. ಅವರು ಹೊಲಿದ ಕೋಟು ಸರಿಯಾಗಿಯೇ ಇತ್ತು. ಯಾರಿಗೂ ಹೇಳದೆ ಅದನ್ನು ಕಲಬುರಗಿಗೆ ಒಯ್ದು, ಬಿಚ್ಚಿಸಿ, ಒಳಗಿನ ಬಟ್ಟೆ ಕತ್ತರಿಸಿ, ಬಿಗಿ ಮಾಡಿಸಿಕೊಂಡು ಬಂದವನು ನಾನು.

ಹದಿನಾಲ್ಕು ವರ್ಷ ಈ ಮಾತನ್ನು ಇಟ್ಟುಕೊಂಡೆ. ಈ ವಾರದಲ್ಲೇ ಎರಡು ಸಲ ನಿನಗೆ ಹೇಳಿಬಿಡೋಣವೆಂದು ಅಡುಗೆಮನೆಯ ಬಾಗಿಲವರೆಗೆ ಬಂದೆ. ಒಮ್ಮೆ ನೀನು ರೊಟ್ಟಿ ಬಡಿಯುತ್ತಿದ್ದೆ, ಇನ್ನೊಮ್ಮೆ ಯಾವುದಕ್ಕೋ ನಗುತ್ತಿದ್ದೆ—ನೀರು ಕುಡಿದು ತಿರುಗಿ ಹೋದೆ. ಅದಕ್ಕೇ ಈ ಮಧ್ಯಾಹ್ನ ಸ್ಟುಡಿಯೋದ ಬಾಗಿಲು ಅರ್ಧ ಮುಚ್ಚಿ ಕುಳಿತು ಬರೆಯುತ್ತಿದ್ದೇನೆ.

ನನ್ನ ಸ್ವಭಾವ ನಿನಗೆ ಗೊತ್ತು. ದಿನವೆಲ್ಲ ಬೇರೆಯವರ ಗದ್ದ ಎತ್ತಿ, ಕಾಲರ್ ತಿದ್ದಿ ಫೋಟೋ ತೆಗೆಯುವವನು ಕನ್ನಡಿ ಕಂಡಲ್ಲಿ ತನ್ನದೂ ಒಂದಿಷ್ಟು ತಿದ್ದಿಕೊಳ್ಳದೆ ಮುಂದೆ ಹೋಗುವುದಿಲ್ಲ. ಆಗ ವಾಡಿಯಲ್ಲಿ ಸ್ಟುಡಿಯೋ ಹಾಕಿ ಮೂರು ವರ್ಷವಾಗಿತ್ತು. ಸೇಡಂ, ಶಹಾಬಾದ್, ಚಿಂಚೋಳಿ—ಎಲ್ಲಿ ಮದುವೆಯ ಫೋಟೋ ಹಿಡಿಯಲು ಹೋದರೂ ಮದುಮಗನ ಮೈಗೆ ಅಂಟಿದ ಸ್ಲಿಮ್ ಫಿಟ್ ಕೋಟು. ಒಂದೇ ಗುಂಡಿ, ಅದರ ಸುತ್ತ ಬಟ್ಟೆ ಎಳೆದು ನೆರಿಗೆ ಬಿದ್ದಿರಬೇಕು, ಆಗಲೇ ಚೆಂದ. ಅವರ ಅಪ್ಪಂದಿರ ಹಳೆಯ ಆಲ್ಬಂಗಳೂ ನನ್ನ ಹತ್ತಿರ ಬರುತ್ತಿದ್ದವು. ಆ ಕೋಟುಗಳಲ್ಲಿ ಇನ್ನೂ ಒಬ್ಬ ಮನುಷ್ಯ ಹಿಡಿಸುತ್ತಿದ್ದ. ನೋಡಿ ನೋಡಿ ನಗುತ್ತಿದ್ದೆ.

ನಮ್ಮಲ್ಲಿ ಅಳಿಯನ ಕೋಟು ಹೆಣ್ಣಿನ ಮನೆಯವರದ್ದು. ಬೇರೆ ಬೀಗರು ಬಟ್ಟೆ ಕೊಡಿಸಿ ಕೈ ತೊಳೆದುಕೊಳ್ಳುತ್ತಾರೆ. ನಿನ್ನ ಅಪ್ಪ ಮಾತ್ರ ಚಿತ್ತಾಪುರದ ತಮ್ಮ ಟೇಲರಿಂಗ್ ಅಂಗಡಿಗೆ ನನ್ನನ್ನೇ ಕರೆಸಿಕೊಂಡರು. ಕೋಟಿಗೆ ಹೆಸರಾದವರು ಮಗಳ ಮದುವೆಗೆ ಬೇರೆಯವರ ಕೈಯಲ್ಲಿ ಕತ್ತರಿ ಕೊಡುತ್ತಾರೆಯೇ? ಹೋದರೆ ನನ್ನನ್ನು ನಿಲ್ಲಿಸಿ ಅಳೆಯಲಿಲ್ಲ. ನೆಲಕ್ಕೆ ಚಾಪೆ ಹಾಸಿ, ಕೈಗೊಂದು ದಾರ ಕೊಟ್ಟು, ಗೋಡೆಯ ಗೂಟ ತೋರಿಸಿದರು.

"ಕುಂದ್ರಿ ಅಳಿಯಂದಿರಾ, ಚಕ್ಕಳ-ಮಕ್ಕಳ ಹಾಕ್ರಿ. ಆ ಗೂಟಕ್ಕ ಮೂರು ಗಂಟು ಕಟ್ರಿ ನೋಡೂನು."

ನಾನು ಕೈ ಎತ್ತಿ ಗಂಟು ಹಾಕುವಾಗ ಅವರು ಬೆನ್ನ ಮೇಲೆ ಟೇಪು ಹಿಡಿದರು. ಗಂಟು ಗಂಟಿಗೂ ಒಂದು ಅಳತೆ. "ನಿಂತ ಅಳತಿ ಫೋಟೋಕ್ಕ ಸಾಕಾಗ್ತದ್ರಿ. ಮದುವಿಗಿ ತಾಳಿ ಕಟ್ಟೋ ಅಳತಿನೇ ಬೇಕು," ಎಂದರು. ಮದುಮಗ ಯಾರೇ ಆಗಲಿ, ಅವರ ಪದ್ಧತಿ ಇದು. ನನ್ನ ಜೊತೆಗೆ ಬಂದಿದ್ದ ಗೆಳೆಯ ಬಾಗಿಲಲ್ಲಿ ನಿಂತು ಮುಸಿಮುಸಿ ನಗುತ್ತಿದ್ದ. ನಾನೂ ನಕ್ಕೆ—ಅವರ ಬೆನ್ನ ಹಿಂದೆ.

ಕೋಟು ಬಂತು. ಕಡುನೀಲಿ. ಒಳಗೆ ಪ್ರತಿ ಹೊಲಿಗೆಯ ಹತ್ತಿರ ಎರಡು ಬೆರಳು ಬಟ್ಟೆಯನ್ನು ಮಾರ್ಜಿನ್ ಎಂದು ಮಡಿಸಿ ಬಿಟ್ಟಿದ್ದರು. ಅದನ್ನು ನನಗೆ ತೆರೆದು ತೋರಿಸಿ, "ನಾಳೆ ಹೊಟ್ಟಿ ಬಂದ್ರ ಇದನ್ನ ಬಿಚ್ಚಿ ಅಗಲ ಮಾಡಿ ಕೊಡ್ತೀನಿ, ಮುಪ್ಪಿನತನಕ ನಡೀತದ," ಎಂದರು. ಹಾಕಿಕೊಂಡೆ. ಕೈ ಎತ್ತಿದರೆ ಎತ್ತಿದ್ದೇ ಗೊತ್ತಾಗದಷ್ಟು ಹಗುರ. ಗೆಳೆಯ ಹೊರಗೆ ಬಂದ ಮೇಲೆ ಒಂದೇ ಮಾತು ಹೇಳಿದ: "ಜ್ವಾಳದ ಚೀಲದಾಗ ಇಳಿದಂಗ ಕಾಣಾಕತ್ತೀ ನೋಡಲೇ."

ಅಷ್ಟೇ ಸಾಕಾಯಿತು. ಆದರೆ ಅವನ ಮೇಲೆ ಹಾಕಲಾರೆ. ಮದುವೆಗೆ ನಾಲ್ಕು ದಿನ ಇರುವಾಗ ಕಲಬುರಗಿಗೆ ಹೋದವನು ನಾನು ಒಬ್ಬನೇ. ಅಲ್ಲಿಯ ಟೇಲರ್ ಕನ್ನಡಿ ಮುಂದೆ ನಿಲ್ಲಿಸಿ ಗುಂಡುಸೂಜಿ ಚುಚ್ಚುತ್ತ ಬಂದ. ಆಮೇಲೆ ಕೇಳಿದ: "ಮಾರ್ಜಿನ್ ತೆಗೀಲೇನ್ರಿ? ಇದ್ರ ಒಳಗ ದಪ್ಪಾಗ್ತದ, ಫಿಟಿಂಗ್ ಕುಂಡ್ರಂಗಿಲ್ಲ. ತೆಗದ್ರ ಮತ್ತ ಬಿಚ್ಚಿ ದೊಡ್ಡದು ಮಾಡಾಕ ಬರಂಗಿಲ್ಲ, ಮೊದ್ಲೇ ಹೇಳ್ತೀನಿ."

"ತೆಗೀರಿ," ಎಂದೆ.

ಆ ಟೇಲರ್ ಕೇಳಿಯೇ ಕತ್ತರಿ ಹಾಕಿದ. ಕತ್ತರಿಸಿದ ಪಟ್ಟಿಗಳನ್ನೂ ಎಸೆಯದೆ, ಗಿರಾಕಿಯ ಬಟ್ಟೆ ಗಿರಾಕಿಗೇ ಎಂದು ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟ. ಕನ್ನಡಿಯಲ್ಲಿ ನಾನು ಬಹಳ ಚೆಂದ ಕಂಡೆ, ಸುವರ್ಣಾ. ಅದನ್ನೂ ಮುಚ್ಚಿಡುವುದಿಲ್ಲ.

ಮುಂದಿನದು ನಿನ್ನ ಕಣ್ಣೆದುರೇ ಆಯಿತು. ಅಕ್ಕಿಕಾಳು ಹಿಡಿದು ಜನ ನಿಂತಿದ್ದರು, ಓಲಗ ಜೋರಾಗಿತ್ತು. ಮೊದಲ ಗಂಟು ಹಾಕಿದೆ. ಎರಡನೆಯದಕ್ಕೆ ಕೈ ಇನ್ನಷ್ಟು ಮುಂದೆ ಚಾಚಿದೆ—ಬೆನ್ನ ಹೊಲಿಗೆ ಕುತ್ತಿಗೆಯ ಕೆಳಗಿನಿಂದ ಸೊಂಟದವರೆಗೆ ಬಿಟ್ಟಿತು. ಮಂತ್ರ ಹೇಳುವ ಅಯ್ಯನವರ ಕೈಯಲ್ಲಿ ಮೈಕು ಇತ್ತಲ್ಲ, ಆ ಸದ್ದು ಮಂಟಪಕ್ಕೆಲ್ಲ ಕೇಳಿತು. ಮೂರನೆಯ ಗಂಟನ್ನು ನಾನು ನಗೆಯ ನಡುವೆ ಕಟ್ಟಿದೆ. ನಿನ್ನ ಕಣ್ಣಲ್ಲಿ ನೀರು ತುಂಬಿದ್ದು ಮಾತ್ರ ನನಗೆ ಕಂಡಿತು.

ಆಗ ನಮ್ಮ ಕಾಕಾ ಎಲ್ಲರಿಗೂ ಕೇಳುವಂತೆ ಅಂದರು: "ಸ್ವಂತ ಅಳಿಯಂದೇ ಕೋಟ್ ಹೊಲಿಯಾಕ ಬರ್ಲಾರದಂವ ಊರ ಮಂದಿದು ಏನ್ ಹೊಲಿತಾನ?"

ಆಗ ಬಾಯಿ ಬಿಡಬೇಕಿತ್ತು. ಒಂದೇ ಒಂದು ಮಾತು ಸಾಕಿತ್ತು. ನಾನು ಬಾಸಿಂಗ ಸರಿ ಮಾಡಿಕೊಂಡೆ. ನಿನ್ನ ಅಪ್ಪ ಬೀಗರ ಮುಂದೆಲ್ಲ ಕೈ ಮುಗಿದು, "ನಂದೇ ತಪ್ಪಾತ್ರಿ, ಅಳತಿ ಚುಕ್ಕಾತು," ಎನ್ನುತ್ತ ನಡೆದರು. ಆಮೇಲೆ ನನ್ನನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋದರು. ಬಿಚ್ಚಿ ಹೊಲಿಯಲು ಹೊತ್ತಿರಲಿಲ್ಲ. ಮೈಮೇಲಿನ ಬಟ್ಟೆ ಹೊಲಿದರೆ ಅಪಶಕುನ ಎನ್ನುತ್ತಾರಲ್ಲ—ಅದಕ್ಕೆ ಪರಿಹಾರವೆಂದು ನನ್ನ ಹಲ್ಲಿನ ನಡುವೆ ಒಂದು ತುಂಡು ದಾರ ಕೊಟ್ಟು, "ಹಿಡಕೊಂಡಿರ್ರಿ, ಮಾತಾಡಬ್ಯಾಡ್ರಿ," ಎಂದರು. ಸೂಜಿ ಪೋಣಿಸಿದರು. ಅವರ ಬೆರಳು ಹರಿದ ಹೊಲಿಗೆಯ ಒಳಗೆ ಹೋಯಿತು. ಮಾರ್ಜಿನ್ ಇರಬೇಕಾದ ಜಾಗದಲ್ಲಿ ಬೆರಳು ನಿಂತಿತು. ಒಂದು ಉಸಿರಿನಷ್ಟು ಹೊತ್ತು—ಇರಬಹುದು, ಅಥವಾ ನನಗೆ ಹಾಗನಿಸಿತೋ ಏನೋ. ಆಮೇಲೆ ಹೊಲಿಯತೊಡಗಿದರು. ನಡುವೆ ಸೂಜಿ ಒಮ್ಮೆ ಬೆನ್ನಿಗೆ ಚುಚ್ಚಿತು. "ಕೈ ನಡುಗ್ತು," ಎಂದರು.

ಆ ದಾರವನ್ನು ಹತ್ತು ನಿಮಿಷಕ್ಕೆ ಉಗುಳಿದೆ. ಬಾಯಿ ಮಾತ್ರ ತೆರೆಯಲಿಲ್ಲ. ಮೊದಲ ದಿನ ನಾಚಿಕೆ ಇತ್ತು, ಆಮೇಲೆ ಹೆದರಿಕೆ, ಆಮೇಲೆ—ಇದನ್ನು ಬರೆಯುವುದೇ ಕಷ್ಟ—ಆಮೇಲೆ ನನಗೆ ಒಳ್ಳೆಯ ಹೆಸರು ಬಂತು. "ಇಷ್ಟಾದ್ರೂ ಅಳಿಯಾ ಮಾವಗ ಒಂದ್ ಮಾತು ಅನಲಿಲ್ಲ, ಭಾಳ ದೊಡ್ಡ ಮನಸು," ಎಂದು ನಿಮ್ಮ ಓಣಿಯವರೆಲ್ಲ ಹೇಳಿದರು. ನೀನೂ ಹೇಳಿದೆ. ನಾನು ಕೇಳಿಸಿಕೊಂಡು ಸುಮ್ಮನಿದ್ದೆ. ಕಳ್ಳನಿಗೆ ಶಾಲು ಹೊದಿಸಿದಂತಿತ್ತು, ಶಾಲು ಬೆಚ್ಚಗೂ ಇತ್ತು.

ನಿನ್ನ ಅಪ್ಪ ಅಂಗಡಿಯ ಬೋರ್ಡಿನಲ್ಲಿ 'ಕೋಟು' ಎಂಬ ಅಕ್ಷರಗಳ ಮೇಲೆ ತಾವೇ ಬಿಳಿ ಬಣ್ಣ ಬಳಿದರು. ಅಲ್ಲಿಂದ ಈಚೆಗೆ ಪ್ಯಾಂಟು, ಪೈಜಾಮ, ಶಾಲೆಯ ಯೂನಿಫಾರಂ ಇಷ್ಟೇ. ನೀನು ಅವರ ಮನೆಗೆ ಹೋಗುತ್ತಿದ್ದೆ, ಅಂಗಡಿಯ ಮೆಟ್ಟಿಲು ಮಾತ್ರ ಹತ್ತಲಿಲ್ಲ. ಮಾತಿನ ನಡುವೆ ಆ ದಿನದ ಸುದ್ದಿ ಬಂದರೆ ನಿನ್ನ ದನಿ ಗಟ್ಟಿಯಾಗುತ್ತಿತ್ತು, ಅವರು ತಲೆ ತಗ್ಗಿಸುತ್ತಿದ್ದರು. ನಾನು ನಿಮ್ಮಿಬ್ಬರ ನಡುವೆ ಚಹಾ ಕುಡಿಯುತ್ತಿದ್ದೆ.

ಆ ಕೋಟು ನಮ್ಮ ಸ್ಟುಡಿಯೋದಲ್ಲೇ ಇತ್ತಲ್ಲ, ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರಿಗೆ ಹಾಕಿಸಲು. ಬೆನ್ನು ಹೇಗಿದ್ದರೇನು, ಫೋಟೋದಲ್ಲಿ ಬರುವುದು ಎದೆ ಮಾತ್ರ. ಅರ್ಧ ವಾಡಿ ಅದರಲ್ಲೇ ಕುಳಿತು ಕ್ಯಾಮೆರಾ ನೋಡಿದೆ. ಲೈಟಿಗೂ ಕಿಟಕಿಯ ಬಿಸಿಲಿಗೂ ಬಣ್ಣ ಹೋಗಿ ಈಗ ಬೂದುಬೂದಾಗಿದೆ. ಪಟ್ಟಿಗಳ ಗಂಟು ಮಾತ್ರ ಹಳೆಯ ಲೆನ್ಸ್ ಡಬ್ಬಿಯಲ್ಲಿ, ಕಪಾಟಿನ ಮೇಲಿತ್ತು. ಎಸೆಯಬೇಕೆಂದು ಎಷ್ಟೋ ಸಲ ಇಳಿಸಿದ್ದೇನೆ. ಯಾಕೆ ಎಸೆಯಲಿಲ್ಲ ಎಂದು ಕೇಳಿದರೆ ನನಗೂ ಗೊತ್ತಿಲ್ಲ.

ಎಲ್ಲ ಹೀಗೆಯೇ ನಡೆದುಹೋಗುತ್ತಿತ್ತು—ನಿನ್ನ ತಮ್ಮ ಮಲ್ಲೂನ ಮದುವೆ ನಿಶ್ಚಯವಾಗದಿದ್ದರೆ. ನಾವು ಚಿತ್ತಾಪುರದ ಮನೆಗೆ ಹೋಗಿದ್ದ ಆ ಭಾನುವಾರ ಅವನು ಆದಿತ್ಯನಗರದ ಸಿಮೆಂಟ್ ಫ್ಯಾಕ್ಟರಿಯಿಂದ ಡ್ಯೂಟಿ ಮುಗಿಸಿ ಬಂದವನೇ ಮೊಬೈಲ್ ತೆಗೆದು ತೋರಿಸಿದ. ಈಗಿನ ಹುಡುಗರ ಕೋಟು: ಭುಜ ಇಳಿಬಿದ್ದು, ಮೈಗೂ ಬಟ್ಟೆಗೂ ನಡುವೆ ಗಾಳಿ ಆಡುವಷ್ಟು ಸಡಿಲ. "ಬಿಗಿ ಕೋಟು ಈಗ ಯಾರೂ ಹಾಕಂಗಿಲ್ರಿ ಮಾಮಾ. ಇಂಥಾದ್ದು ರೆಡಿಮೇಡ್ ತಗೊಂಡ್ರ ಕುಂಡ್ರವಲ್ದು. ಬೀಗರು ಬಟ್ಟಿ ಕೊಡಸ್ತಾರ, ಹೊಲಿಗಿ ನಮ್ಮ ಮ್ಯಾಲ. ಅಪ್ಪಗ ಇದು ಬರ್ತದಲ್ಲ?" ಎಂದ. ನಾನು ನೋಡಿದೆ. ಅದು ನಿನ್ನ ಅಪ್ಪ ನನಗೆ ಹೊಲಿದ ಕೋಟೇ ಆಗಿತ್ತು, ಸುವರ್ಣಾ. ಭುಜದ ಅದೇ ಇಳಿಜಾರು, ಅದೇ ಸಡಿಲ ಬಗಲು.

ಅಪ್ಪನ ಮುಖದಲ್ಲಿ ಒಂದು ಗಳಿಗೆ ಬೆಳಕು ಬಂದದ್ದನ್ನು ನಾನು ಕಂಡೆ. ಅಷ್ಟರಲ್ಲಿ ನೀನು ಅಂದೆ: "ಬ್ಯಾಡಪ್ಪಾ. ನನ್ನ ಮದುವ್ಯಾಗ ಆದದ್ದು ಸಾಕು, ಇವನ ಮದುವ್ಯಾಗರ ನಗೆಗೇಡು ಆಗೂದು ಬ್ಯಾಡ."

"ಹೌದವ್ವಾ, ಖರೇ ಅದ," ಎಂದು ಅವರು ಎದ್ದು ಹೊರಗೆ ಹೋದರು. ಚಪ್ಪಲಿ ಮೆಟ್ಟಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಹಳೆಯ ತಪ್ಪು ಹಳೆಯದಾಗಿಯೇ ಇರುತ್ತದೆ ಎಂದು ತಿಳಿದಿದ್ದೆ. ಅದು ನನ್ನ ಕಣ್ಣೆದುರೇ ಎರಡನೆಯ ಸಲ ನಡೆಯಿತು, ಎರಡನೆಯ ಸಲವೂ ನಾನು ಸುಮ್ಮನಿದ್ದೆ.

ಮುಂದಿನ ಭಾನುವಾರ ಡಬ್ಬಿ ಹಿಡಿದು, ಕೋಟು ಮಡಿಸಿಕೊಂಡು ಚಿತ್ತಾಪುರಕ್ಕೆ ಹೋದೆ. ಶಹಾಬಾದಿಗೆ ಆಲ್ಬಂ ಕೊಡಲು ಎಂದು ನಿನಗೆ ಹೇಳಿದ್ದು ಸುಳ್ಳು, ಅದನ್ನೂ ಇಲ್ಲೇ ಸೇರಿಸುತ್ತೇನೆ. ಅವರು ಪಕ್ಕದ ದಂಡೋತಿಯ ಯಾರದೋ ಪೈಜಾಮ ಹೊಲಿಯುತ್ತಿದ್ದರು. ನಾನು ಏನೂ ಪೀಠಿಕೆ ಹಾಕದೆ ಪಟ್ಟಿಗಳನ್ನು ಮೇಜಿನ ಮೇಲೆ ಬಿಚ್ಚಿ ಇಟ್ಟೆ. "ನಾನೇ ಕತ್ತರಿಸಾಕ ಹಚ್ಚಿದ್ದು ಮಾಮಾರ್ರೀ," ಎಂದೆ.

ಅವರು ಮಶೀನು ನಿಲ್ಲಿಸಿದರು. ಒಂದು ಪಟ್ಟಿ ಎತ್ತಿ ಬೆರಳ ನಡುವೆ ತಿಕ್ಕಿ ನೋಡಿದರು.

"ನನಗ ಅವತ್ತೇ ಗೊತ್ತಾಗಿತ್ರಿ. ನನ್ನ ಹೊಲಿಗಿ ನಾ ಗುರ್ತು ಹಿಡಿಯಂಗಿಲ್ಲೇನು? ದಾರನೇ ಬ್ಯಾರೆ ಇತ್ತು."

"ಮತ್ತ ಯಾಕ ಸುಮ್ಮಿದ್ರಿ?"

"ಮಗಳಿಗಿ ತಾಳಿ ಬಿದ್ದು ಇನ್ನಾ ಗಳಿಗಿ ಆಗಿದ್ದಿಲ್ಲ. ನಾ ಬಾಯಿ ಬಿಟ್ಟಿದ್ರ ಅಳಿಯಾ ಸುಳ್ಳುಗಾರ ಆಗ್ತಿದ್ದ. ಟೇಲರ್ ಇಜ್ಜತ್ ಹೋದ್ರ ಟೇಲರ್ ಒಬ್ಬಂದೇ ಹೋಗ್ತದ." ಓರೆಗಣ್ಣಿಂದ ನನ್ನ ನೋಡಿದರು. "ಸಿಟ್ಟು ಬಂದಿದ್ದಿಲ್ಲ ಅಂತಲ್ಲ ಮತ್ತ. ಸೂಜಿ ಚುಚ್ಚಿತ್ತಲ್ಲ—ಕೈ ನಡುಗಿದ್ದಿಲ್ಲ."

ನಾನು ನಕ್ಕೆನೋ ಅತ್ತೆನೋ ಹೇಳಲಾರೆ. ಎರಡೂ ಒಟ್ಟಿಗೆ ಬಂದವು. ಕೋಟು ಹೊಲಿಯುವುದನ್ನೇ ಯಾಕೆ ಬಿಟ್ಟಿರಿ ಎಂದು ಕೇಳಿದೆ. ಆ ಉತ್ತರವನ್ನು ನೀನು ಓದಲೇಬೇಕು: "ಮಂದಿ ನಕ್ಕಿದ್ದಕ್ಕಲ್ರಿ. ಆಕಿ ಕಣ್ಣಾಗ ನೀರು ನೋಡಿದ ಮ್ಯಾಲ ಕೋಟಿನ ಬಟ್ಟಿ ಮ್ಯಾಲ ಕತ್ರಿ ನಡಿವಲ್ದಾತು."

ಆಮೇಲೆ ನನ್ನ ಹೊಟ್ಟೆಗೆ ಟೇಪು ಸುತ್ತಿ ನೋಡಿ, ಈ ಪಟ್ಟಿಗಳನ್ನು ಎರಡೂ ಪಕ್ಕಕ್ಕೆ, ಬೆನ್ನಿಗೆ ಕೊಟ್ಟರೆ ಕೋಟು ಮತ್ತೆ ಆಗುತ್ತದೆ ಎಂದರು. ಒಂದೇ ತೊಂದರೆ: ಕೋಟು ಬಣ್ಣಗೆಟ್ಟಿದೆ, ಕತ್ತಲೆಯಲ್ಲಿದ್ದ ಪಟ್ಟಿಗಳು ಹೊಸದಾಗಿಯೇ ಉಳಿದಿವೆ. ಹೊಲಿದರೆ ಎದ್ದು ಕಾಣುತ್ತದೆ.

"ಕಾಣ್ಲಿ ಬಿಡ್ರಿ," ಎಂದೆ.

ಕೋಟು ಅಲ್ಲೇ ಬಿಟ್ಟು ಏಳುವಾಗ ಅವರು ಕೈ ಹಿಡಿದು ಒಂದು ಮಾತು ಕೇಳಿದರು: "ಸುವರ್ಣಾಗ ಮಾತ್ರ ಹೇಳಬ್ಯಾಡ್ರಿ. ನಿಮ್ಮ ಸಂಸಾರದಾಗ ಇದೊಂದು ಯಾಕ." ನಾನು ಹೂಂ ಎನ್ನಲಿಲ್ಲ. ಅವರ ಮಾತು ಮೀರಿ ಇದನ್ನು ಬರೆಯುತ್ತಿದ್ದೇನೆ. ಹದಿನಾಲ್ಕು ವರ್ಷ ಅವರ ದೊಡ್ಡತನದ ನೆರಳಲ್ಲಿ ಕುಳಿತವನು ಇನ್ನೂ ಅಲ್ಲೇ ಕುಳಿತರೆ, ಆ ಕತ್ತರಿ ಇನ್ನು ಯಾವತ್ತೂ ಏಳುವುದಿಲ್ಲ.

ಸಂಜೆ ಈ ಕಾಗದ ನಿನ್ನ ಕೈಗೆ ಕೊಡುತ್ತೇನೆ. ಓದು. ಸಿಟ್ಟು ಮಾಡು, ಎಷ್ಟು ದಿನ ಬೇಕಾದರೂ ಮಾಡು—ಅದು ಇಷ್ಟು ವರ್ಷ ತಪ್ಪು ಮನೆಗೆ ಹೋಗಿದೆ, ಈಗ ಸರಿಯಾದ ಮನೆಗೆ ಬರಲಿ. ಆದರೆ ನಾಳೆ ಒಂದು ಸಲ ಚಿತ್ತಾಪುರಕ್ಕೆ ಹೋಗು. ಅಂಗಡಿಯ ಮೆಟ್ಟಿಲು ಹತ್ತು. ಬೋರ್ಡಿನ ಮೇಲಿನ ಬಿಳಿ ಬಣ್ಣ ಉದುರಿ ಕೆಳಗಿನ ಅಕ್ಷರ ಕಾಣತೊಡಗಿದೆ, ನೋಡುವಿಯಂತೆ. ಮಲ್ಲೂನ ಕೋಟು ನೀನೇ ಹೊಲಿಯಬೇಕಪ್ಪಾ ಎಂದು ಹೇಳು. ನಾನು ಹೇಳಿದರೆ ಅವರು ನಗುತ್ತಾರೆ, ನೀನು ಹೇಳಿದರೆ ಚಾಪೆ ಹಾಸುತ್ತಾರೆ.

ಮಲ್ಲೂ ಅದರ ಮೇಲೆ ಕುಳಿತು ಗೂಟಕ್ಕೆ ಮೂರು ಗಂಟು ಕಟ್ಟಲಿ. ಅವನ ಮದುವೆಯಲ್ಲಿ ಪಟ್ಟಿ ಸೇರಿಸಿದ ಆ ಹಳೆಯ ಕೋಟು ಹಾಕಿಕೊಂಡು, ನಾನು ಎಲ್ಲರಿಗೂ ಬೆನ್ನು ಕಾಣುವಂತೆ ಮುಂದಿನ ಸಾಲಿನಲ್ಲಿ ನಿಲ್ಲುತ್ತೇನೆ. ಇದೇನು ಎಂದು ಕೇಳಿದವರಿಗೆಲ್ಲ ಆದದ್ದನ್ನು ಆದಂತೆ ಹೇಳುತ್ತೇನೆ. ಕೇಳದಿದ್ದರೂ, ಮೊದಲು ಕಾಕಾನಿಗೆ.