ಬೆಲ್ಟ್ ಹಿಡ್ಕೊ

ಹೊಟ್ಟೆಯ ಕೆಳಗೆ ಬಿಗಿದ ಅಗಲವಾದ ಚರ್ಮದ ಬೆಲ್ಟು, ಅದರ ತುದಿ ಎಡಗಡೆ ಒಂದು ಗೇಣು ಜೋತಾಡುವುದು. ನಮ್ಮ ಮ್ಯಾನೇಜರ್ ಎಂದರೆ ನನಗೆ ಮೊದಲು ನೆನಪಾಗುವುದು ಅದೇ. ಸಕ್ಕರೆ ಕಾಯಿಲೆಯಿಂದ ಮೈ ಇಳಿದ ಹಾಗೆ ಗ್ಯಾರೇಜಿನ ಮೊಳೆಯಿಂದ ತಾವೇ ಹೊಸ ತೂತು ಹೊಡೆದುಕೊಳ್ಳುತ್ತಿದ್ದರು. ಹೊಸ ಬೆಲ್ಟು ಮಾತ್ರ ಕೊಳ್ಳಲಿಲ್ಲ.

ಅವರದು ಮಂಗಳೂರಿನ ಕೊಂಕಣಿ ಮನೆತನ. ಶಿಕಾರಿಯ ಹುಚ್ಚು ಅಜ್ಜನ ಕಾಲದ್ದು. ಮಸ್ಕತ್ತಿನ ಘಾಲಾದಲ್ಲಿದ್ದ ನಮ್ಮ ಗ್ಯಾರೇಜಿನ ಹಿಂದೆ ಹಳೆಯ ಟಯರಿಗೆ ಚಿಂದಿ ತುಂಬಿ, ರಜೆಯ ಶುಕ್ರವಾರ ಬೆಳಿಗ್ಗೆ ಅದಕ್ಕೆ ಬಾಣ ಬಿಡುತ್ತಿದ್ದರು. ನಾನು ಅಲ್ಲಿ ಲೆಕ್ಕ ಬರೆಯುವವನು, ಉಡುಪಿ ಕಡೆಯವನು, ಜಿರಳೆ ಕಂಡರೂ ಕುರ್ಚಿ ಹತ್ತುವ ಆಸಾಮಿ. ಅಂಥವನನ್ನು ಅವರ ಹೆಂಡತಿ ನಮೀಬಿಯಾದ ಬೇಟೆಗೆ ಜೊತೆ ಮಾಡಿ ಅಟ್ಟಿದರು. "ಇವರಿಗೆ ಬಿಲ್ಲು ಸಿಕ್ಕಿದ್ರೆ ಊಟದ ನೆನಪಿಲ್ಲ. ಹೊತ್ತಿಗೆ ಸರಿಯಾಗಿ ಎಂಥಾದ್ರೂ ತಿನ್ನಿಸು ಮಾರಾಯ," ಎಂದರು.

ಅಲ್ಲಿ ಒಣಗಾಲದಲ್ಲಿ ಪ್ರಾಣಿಗಳು ನೀರಿನ ಹೊಂಡಕ್ಕೆ ಬರುತ್ತವೆ. ಪಕ್ಕದಲ್ಲಿ ಮರೆಯಾಗಿ ಕೂತು ಬಾಣ ಬಿಡುವುದು. ಆ ಸಲ ಕಾಲವಲ್ಲದ ಕಾಲದಲ್ಲಿ ಮಳೆ ಸುರಿಯಿತು. ಎಲ್ಲೆಲ್ಲೂ ನೀರಿರುವಾಗ ಹೊಂಡಕ್ಕೆ ಯಾಕೆ ಬರುತ್ತವೆ? ಹುಲ್ಲು ನನ್ನ ತಲೆಯವರೆಗೆ ಬೆಳೆದಿತ್ತು. ಕೊನೆಗೊಂದು ಸಂಜೆ ಒಂಟಿ ಕಾಡುಹಂದಿ ಬಂತು. ಒದ್ದೆ ಕೈ ಜಾರಿತೋ ಏನೋ, ಬಾಣ ಹೊಟ್ಟೆಗೆ ತಾಗಿ ಅದು ಹುಲ್ಲಿನೊಳಗೆ ನುಗ್ಗಿತು. ರಕ್ತದ ಗುರುತನ್ನು ಮಳೆ ತೊಳೆದುಬಿಟ್ಟಿತು. ಗಾಯಗೊಂಡ ಹಂದಿ ಅಪಾಯ, ಬೆಳಿಗ್ಗೆ ನೋಡೋಣ ಎಂದ ಅಲ್ಲಿಯ ಗೈಡ್. ನನಗೆ ಹೋದ ಜೀವ ಬಂದಂತಾಯಿತು.

ಮ್ಯಾನೇಜರ್ ಒಪ್ಪಲಿಲ್ಲ. "ನೋವು ಕೊಟ್ಟದ್ದು ನಾನು. ರಾತ್ರಿ ಇಡೀ ಅದು ನರಳುವಾಗ ನಾನು ಹೇಗೆ ಮಲಗುದು?" ಎಂದು ಎದ್ದೇಬಿಟ್ಟರು. ಒಬ್ಬನೇ ಅಲ್ಲಿ ಉಳಿಯುವುದಕ್ಕೂ ನನಗೆ ಧೈರ್ಯವಿರಲಿಲ್ಲ. ಅವರು ತಿರುಗಿ ನೋಡಿದರು. "ನನ್ನ ಬೆಲ್ಟ್ ಹಿಡ್ಕೊ. ಎಂಥ ಬಂದ್ರೂ ಬಿಡ್ಬೇಡ."

ಆ ಜೋತಾಡುವ ತುದಿಯನ್ನು ಮುಷ್ಟಿಗೆ ಸುತ್ತಿಕೊಂಡೆ. ಮುಂದೆ ಕೋವಿ ಹಿಡಿದ ಗೈಡ್, ನಡುವೆ ಬಾಣ ಹೂಡಿಕೊಂಡು ಅವರು, ಹಿಂದೆ ನಾನು. ಒದ್ದೆ ಹುಲ್ಲು ಮುಖಕ್ಕೆ ಬಡಿಯುತ್ತಿತ್ತು, ಮಾರು ದೂರದಾಚೆ ಏನೂ ಕಾಣದು. ಎಡಗಡೆ ಹುಲ್ಲು ಅಲ್ಲಾಡಿತು. ಗೈಡ್ ತಿರುಗುವ ಮೊದಲೇ ಹಂದಿ ನಮ್ಮ ಮೇಲೆ ಬಂತು. ಅವರು ಪಕ್ಕಕ್ಕೆ ಸರಿಯಬಹುದಿತ್ತು. ಸರಿದಿದ್ದರೆ ಅದು ನನ್ನನ್ನು ಸೀಳುತ್ತಿತ್ತು. ನಿಂತಲ್ಲೇ ನಿಂತು ಬಾಣ ಬಿಟ್ಟರು. ಹಂದಿ ಅವರ ಬೂಟಿನ ಹತ್ತಿರ ಬಂದು ಬಿತ್ತು. "ಖಲಾಸ್," ಎಂದರು.

ಮಸ್ಕತ್ತಿಗೆ ಮರಳಿದ ಮೇಲೆ ಅವರು ಬಿಲ್ಲು ಮುಟ್ಟಲಿಲ್ಲ. ಬೇಟೆಯ ಸುದ್ದಿ ಕೇಳಿದವರಿಗೆ "ಬರೀ ಮಳೆ ಮಾರಾಯ" ಎಂದಷ್ಟೇ ಹೇಳುತ್ತಿದ್ದರು.

ಈ ವರ್ಷ ಹೃದಯದ ಆಪರೇಷನ್ನಿಗೆ ಅವರನ್ನು ಒಯ್ಯುವಾಗ ನಾನು ಟ್ರಾಲಿಯ ಪಕ್ಕದಲ್ಲಿದ್ದೆ. ಅವರ ಕೈ ಸೊಂಟದ ಹತ್ತಿರ ತಡಕಾಡಿತು.

"ಬೆಲ್ಟ್ ಇಲ್ಲ ಮಾರಾಯ," ಎಂದರು. "ಆವತ್ತು ಹಿಡ್ಕೊ ಅಂತ ಹೇಳಿದ್ದು ನಿನ್ನ ಹೆದರಿಕೆಗಲ್ಲ. ನೀನು ಹಿಂದಿನಿಂದ ಹಿಡಿಯದಿದ್ರೆ ನಾನೇ ಓಡಿಹೋಗ್ತಿದ್ದೆ."

ಆಸ್ಪತ್ರೆಯವರು ಅವರಿಗೆ ತೊಡಿಸಿದ್ದ ಅಂಗಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಜೊತೆಗೇ ನಡೆದೆ. ಒಳಗೆ ಹೋದವರು ಜೀವಂತವಾಗಿ ಹೊರಗೆ ಬರಲಿಲ್ಲ. ಬಾಗಿಲ ಬಳಿ ನನ್ನ ಬೆರಳು ಬಿಡಿಸಿದವಳು ನರ್ಸ್. ನಾನಾಗಿ ಬಿಡಲಿಲ್ಲ.